ಪೋಸ್ಟ್‌ಗ್ರೆಸ್ ಪ್ಯಾಚ್‌ಗೆ ರಿವ್ಯೂ ಬಂದಿದೆ: ಒಪ್ಪದ ಅಂಶಗಳಿಗೆ ಉತ್ತರಿಸುವುದು ಹೇಗೆ?

ಮೊದಲಪ್ಯಾಚ್

ಎಲ್ಲರಿಗೂ ನಮಸ್ಕಾರ. ಪೋಸ್ಟ್‌ಗ್ರೆಸ್‌ಕ್ಯೂಎಲ್ (ಚಿಕ್ಕದಾಗಿ ಪೋಸ್ಟ್‌ಗ್ರೆಸ್) ಎಂಬ ಡೇಟಾಬೇಸ್ ತಂತ್ರಾಂಶಕ್ಕೆ ಅದರ ಡೆವಲಪರ್‌ಗಳ ಮೇಲಿಂಗ್ ಲಿಸ್ಟ್ ಮೂಲಕ ನಾನು ಕಳಿಸಿದ ಸಣ್ಣ ಪ್ಯಾಚ್‌ಗೆ (ಕೋಡ್ ಬದಲಾವಣೆಗೆ) ರಿವ್ಯೂ ಬಂದಿದೆ. ಉತ್ತರ ಬರೆಯುವ ಮುನ್ನ ಇಲ್ಲಿನ ಅನುಭವಸ್ಥರ ಮಾತು ಕೇಳಬೇಕೆನಿಸಿತು.

ಹಿನ್ನೆಲೆ ಇಷ್ಟು. ಪೋಸ್ಟ್‌ಗ್ರೆಸ್ ಜೊತೆಗೇ ಬರುವ ಆಟೋ_ಎಕ್ಸ್‌ಪ್ಲೇನ್ ಮಾಡ್ಯೂಲ್ ನಿಮಗೆ ಗೊತ್ತಿರುತ್ತದೆ. ನಾವು ಹೇಳಿದ ಸಮಯಕ್ಕಿಂತ ಹೆಚ್ಚು ಹೊತ್ತು ಓಡಿದ ಕ್ವೆರಿಯ ಪ್ಲಾನ್ ಅನ್ನು (ಸರ್ವರ್ ಅದನ್ನು ಯಾವ ಹಂತಗಳಲ್ಲಿ ನಡೆಸಿತು ಎಂಬುದನ್ನು) ಅದು ತಾನಾಗಿಯೇ ಲಾಗ್‌ಗೆ ಬರೆಯುತ್ತದೆ, ಜೊತೆಗೆ ಕ್ವೆರಿಯ ಪೂರ್ತಿ ಪಠ್ಯವನ್ನೂ ಬರೆಯುತ್ತದೆ. ನಾವು ನೋಡಿಕೊಳ್ಳುವ ಡೇಟಾಬೇಸ್‌ಗೆ ಬರುವ ಕ್ವೆರಿಗಳಲ್ಲಿ ಹೆಚ್ಚಿನವು ಓಆರ್‌ಎಂ (ಅಪ್ಲಿಕೇಶನ್ ಪರವಾಗಿ ಎಸ್‌ಕ್ಯೂಎಲ್ ಅನ್ನು ತಾನೇ ಬರೆಯುವ ಲೈಬ್ರರಿ) ಹುಟ್ಟಿಸಿದವು. ಅವುಗಳ ‘ಇನ್’ ಪಟ್ಟಿಯಲ್ಲಿ ಸಾವಿರಾರು ಐಡಿಗಳಿರುತ್ತವೆ. ನೋಡಬೇಕಾದ ಪ್ಲಾನ್ ಹತ್ತು ಸಾಲು, ಅದರ ಮೇಲಿನ ಕ್ವೆರಿ ಪುಟಗಟ್ಟಲೆ. ಪಠ್ಯದ ಉದ್ದಕ್ಕೆ ಮಿತಿ ಹಾಕುವ ಹೊಸ ಸೆಟ್ಟಿಂಗ್ ಒಂದನ್ನು ಸೇರಿಸುವುದೇ ನನ್ನ ಪ್ಯಾಚ್‌ನ ಕೆಲಸ.

ರಿವ್ಯೂನಲ್ಲಿ ಬಂದ ಅಂಶಗಳ ಸಾರ:

1. ಪಠ್ಯವನ್ನು ಬೈಟ್ ಲೆಕ್ಕದಲ್ಲಿ ನೇರವಾಗಿ ಕತ್ತರಿಸಿದರೆ ಬಹುಬೈಟ್ ಅಕ್ಷರ (ಒಂದಕ್ಕಿಂತ ಹೆಚ್ಚು ಬೈಟ್ ಹಿಡಿಯುವ ಅಕ್ಷರ) ನಡುವೆ ತುಂಡಾಗುತ್ತದೆ.
2. ಸೊನ್ನೆ ಎಂದರೆ ‘ಮಿತಿ ಇಲ್ಲ’ ಎಂದಿಟ್ಟಿದ್ದೀರಿ. ಇದೇ ಮಾಡ್ಯೂಲ್‌ನ ಇನ್ನೊಂದು ಸೆಟ್ಟಿಂಗ್‌ನಲ್ಲಿ ಹಾಗಿಲ್ಲ.
3. ಮಿತಿಯನ್ನು ಬೈಟ್‌ಗಳ ಬದಲು ಅಕ್ಷರಗಳಲ್ಲಿ ಏಕೆ ಎಣಿಸಬಾರದು?
4. ಕತ್ತರಿಸುವ ಕೆಲಸ ಮಾಡ್ಯೂಲ್‌ನಲ್ಲಿ ಬೇಡ. ಕ್ವೆರಿ ಪಠ್ಯವನ್ನು ಬರೆಯುವ ಎಕ್ಸ್‌ಪ್ಲೇನ್‌ಕ್ವೆರಿಟೆಕ್ಸ್ಟ್ ಫಂಕ್ಷನ್‌ಗೇ ಗರಿಷ್ಠ ಉದ್ದವನ್ನು ಕಳಿಸಿ.
5. ಇಲ್ಲಿ ಕ್ವೆರಿ ಪಠ್ಯ ನಲ್ ಆಗಿರಲು (ಅಂದರೆ ಪಠ್ಯವೇ ಇಲ್ಲದಿರಲು) ಸಾಧ್ಯವೇ?
6. ಟೆಸ್ಟ್ ಇಲ್ಲ.
7. ಸಂಬಂಧವಿಲ್ಲದ ವೇರಿಯಬಲ್ ಹೆಸರು ಬದಲಾವಣೆಗಳು ಪ್ಯಾಚ್‌ನೊಳಗೆ ಸೇರಿಕೊಂಡಿವೆ.
8. ಇದು ಯಾರಿಗೆ, ಏಕೆ ಬೇಕು ಎಂಬುದು ಕಮಿಟ್ ಸಂದೇಶದಲ್ಲಿ (ಬದಲಾವಣೆಯ ಜೊತೆಗಿನ ವಿವರಣೆಯಲ್ಲಿ) ಇಲ್ಲ.

ಒಂದು, ಆರು, ಏಳು, ಎಂಟು ಒಪ್ಪಿಗೆ. ಎರಡು, ಮೂರು, ನಾಲ್ಕರಲ್ಲಿ ನನಗೆ ಭಿನ್ನಾಭಿಪ್ರಾಯವಿದೆ. ಐದಕ್ಕೆ ‘ಇಲ್ಲ, ಎಕ್ಸಿಕ್ಯೂಟರ್ (ಕ್ವೆರಿ ಓಡಿಸುವ ಭಾಗ) ಮುಗಿಯುವ ಹುಕ್‌ಗೆ ಬರುವ ಹೊತ್ತಿಗೆ ಪಠ್ಯ ಇದ್ದೇ ಇರುತ್ತದೆ’ ಎಂದು ಮೇಲ್‌ನಲ್ಲಿ ಬರೆದರೆ ಸಾಕೇ? ಇಷ್ಟೊಂದು ಅಂಶಗಳು ಬಂದವೆಂದರೆ ಪ್ಯಾಚ್ ಅವರಿಗೆ ಹಿಡಿಸಿಲ್ಲವೆಂದೇ ಅರ್ಥವೇ?

ಬಿಟ್ರೀ

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಖಂಡಿತ ಅಲ್ಲ. ಅವರು ನಿಮ್ಮ ಕೋಡ್ ಓದಿದ್ದಾರೆ, ಪಕ್ಕದ ಸೆಟ್ಟಿಂಗ್‌ನ ದಾಖಲೆ ತೆರೆದು ನೋಡಿದ್ದಾರೆ, ಕತ್ತರಿಸುವ ಜಾಗದಲ್ಲಿ ಬಹುಬೈಟ್ ಅಕ್ಷರದ ಗತಿ ಏನೆಂದು ಯೋಚಿಸಿದ್ದಾರೆ. ಬೇಡವಾದ ಪ್ಯಾಚ್‌ಗೆ ಯಾರೂ ಇಷ್ಟು ಸಮಯ ಕೊಡುವುದಿಲ್ಲ. ಅಲ್ಲಿ ಹೆಚ್ಚಿನ ಪ್ಯಾಚ್‌ಗಳ ಕಷ್ಟವೇ ಬೇರೆ: ಓದುವವರು ಸಿಗದೆ ಒಂದು ಕಮಿಟ್‌ಫೆಸ್ಟ್‌ನಿಂದ (ಪ್ಯಾಚ್‌ಗಳನ್ನು ಪರಿಶೀಲಿಸುವ ನಿಗದಿತ ಅವಧಿಯಿಂದ) ಇನ್ನೊಂದಕ್ಕೆ ದಾಟುತ್ತಾ ಹೋಗುತ್ತವೆ. ನಿಮಗೆ ಓದುಗರು ಸಿಕ್ಕಿದ್ದಾರೆ.

ನನಗೆ ಮುಖ್ಯವೆನಿಸಿದ್ದು ಐದನೆಯ ಅಂಶ. ‘ನಲ್ ಆಗಬಹುದೇ’ ಎಂದು ಅವರು ಕೇಳಿದ್ದು ಗೊತ್ತಿಲ್ಲದೆ ಇರಬಹುದು, ಗೊತ್ತಿದ್ದೂ ನಿಮ್ಮ ಬಾಯಿಂದ ಕೇಳಲು ಇರಬಹುದು. ಎರಡೂ ಒಂದೇ. ಆ ಸಾಲನ್ನು ಓದಿದ ಮೊದಲ ಮನುಷ್ಯ ಅಲ್ಲಿ ನಿಂತಿದ್ದಾನೆ. ಮುಂದೆ ಐದು ವರ್ಷ ಬಿಟ್ಟು ಓದುವವನೂ ಅಲ್ಲೇ ನಿಲ್ಲುತ್ತಾನೆ. ಅವನು ನಿಮ್ಮ ಮೇಲ್ ಹುಡುಕಿಕೊಂಡು ಬರುವುದಿಲ್ಲ. ಆದ್ದರಿಂದ ರಿವ್ಯೂನಲ್ಲಿ ಬಂದ ಪ್ರಶ್ನೆಗೆ ಉತ್ತರ ಸೇರಬೇಕಾದ ಜಾಗ ಪ್ಯಾಚ್ ಒಳಗೆ. ಅದು ಕೋಡ್‌ನ ಕಾಮೆಂಟ್ ಆಗಬಹುದು, ಅಸರ್ಟ್ (ಕೋಡ್‌ನೊಳಗಿನ ಖಾತ್ರಿ ಪರೀಕ್ಷೆ) ಆಗಬಹುದು, ದಾಖಲೆಯ ಒಂದು ವಾಕ್ಯವಾಗಬಹುದು, ಕಮಿಟ್ ಸಂದೇಶವಾಗಬಹುದು. ಮೇಲ್‌ನಲ್ಲಿ ‘ಇದನ್ನು ಇಂಥಲ್ಲಿ ಬರೆದಿದ್ದೇನೆ’ ಎಂದು ತೋರಿಸಿದರೆ ಮುಗಿಯಿತು.

ನಿಮ್ಮ ‘ಇದ್ದೇ ಇರುತ್ತದೆ’ ಎಂಬ ಉತ್ತರದ ಬಗ್ಗೆಯೂ ಒಂದು ಮಾತು. ಈಗಿರುವ ಎಕ್ಸ್‌ಪ್ಲೇನ್‌ಕ್ವೆರಿಟೆಕ್ಸ್ಟ್ ಒಳಗೆ ಪಠ್ಯ ಇದೆಯೇ ಎಂದು ನೋಡಿಯೇ ಮುಂದೆ ಹೋಗುವ ‘ಇಫ್’ ಒಂದಿದೆ. ನೀವು ಆ ಫಂಕ್ಷನ್ ಅನ್ನು ಬಿಟ್ಟು ಮಾಡ್ಯೂಲ್‌ನೊಳಗೇ ಕತ್ತರಿಸಿ ಬರೆದಿದ್ದರಿಂದ ಆ ‘ಇಫ್’ ಕೈತಪ್ಪಿತು. ಹಾಗಾಗಿಯೇ ಪ್ರಶ್ನೆ ಹುಟ್ಟಿದೆ. ನಾಲ್ಕನೆಯ ಅಂಶವನ್ನು ಒಪ್ಪಿದರೆ ಐದನೆಯದು ತಾನಾಗಿಯೇ ಬಿದ್ದುಹೋಗುತ್ತದೆಯೇ, ಒಮ್ಮೆ ನೋಡಿ.

ಧಾರವಾಡದಿಂದ

ಉತ್ತರದ ರೂಪದ ಬಗ್ಗೆ ನಾನು ಹೇಳುತ್ತೇನೆ. ಅವರ ಒಂದೊಂದು ಅಂಶವನ್ನೂ ಉಲ್ಲೇಖಿಸಿ ಅದರ ಕೆಳಗೇ ಉತ್ತರ ಬರೆಯಬೇಕು. ಎಲ್ಲಕ್ಕೂ ಸೇರಿ ಮೇಲೆ ಒಂದು ಪ್ಯಾರಾ ಬರೆದು ಕೆಳಗೆ ಅವರ ಪೂರ್ತಿ ಮೇಲ್ ಉಳಿಸುವ ಕಚೇರಿ ಪದ್ಧತಿ ಅಲ್ಲಿ ನಡೆಯುವುದಿಲ್ಲ. ಒಪ್ಪಿದ ಅಂಶಕ್ಕೆ ‘ಸರಿಪಡಿಸಿದ್ದೇನೆ’ ಎಂಬ ಒಂದು ಪದ ಸಾಕು, ಆದರೆ ಅದನ್ನೂ ಬಿಡಬಾರದು. ಎಂಟರಲ್ಲಿ ಒಂದಕ್ಕೆ ಉತ್ತರವಿಲ್ಲದಿದ್ದರೆ ನೀವು ಅದನ್ನು ನೋಡಿಲ್ಲವೋ, ಒಪ್ಪಿಲ್ಲವೋ ಅವರಿಗೆ ತಿಳಿಯುವುದಿಲ್ಲ. ಮುಂದಿನ ಸುತ್ತಿನಲ್ಲಿ ಅದನ್ನೇ ಮತ್ತೆ ಕೇಳಬೇಕಾಗುತ್ತದೆ.

ಇನ್ನೊಂದು ವಿಷಯ ನಮ್ಮವರಿಗೇ ಹೇಳಬೇಕಾದದ್ದು. ನಮ್ಮಲ್ಲಿ ಹಿರಿಯರನ್ನು ಹೆಸರು ಹಿಡಿದು ಕರೆಯುವ ರೂಢಿಯಿಲ್ಲ. ಹಾಗಾಗಿ ‘ಗೌರವಾನ್ವಿತ ಸರ್’ ಎಂದು ಶುರುಮಾಡಿ ಪ್ರತಿ ಅಂಶಕ್ಕೂ ಕ್ಷಮೆ ಕೇಳುತ್ತಾ ಬರೆಯುವುದನ್ನು ತುಂಬಾ ನೋಡಿದ್ದೇನೆ. ಆ ಲಿಸ್ಟ್‌ನಲ್ಲಿ ಮೂವತ್ತು ವರ್ಷ ಹಳಬರನ್ನೂ ಹೆಸರಿನಿಂದಲೇ ಕರೆಯುತ್ತಾರೆ. ಅದು ಅಗೌರವವಲ್ಲ. ಎಂಟು ಸಲ ಕ್ಷಮೆ ಕೇಳಿದ ಮೇಲ್‌ನಲ್ಲಿ ‘ಮೂರನೆಯದನ್ನು ಒಪ್ಪುವುದಿಲ್ಲ, ಕಾರಣ ಇದು’ ಎಂಬ ಸಾಲಿಗೆ ಬಲವೇ ಇರುವುದಿಲ್ಲ. ಮೊದಲಲ್ಲಿ ಒಂದು ಸಾಲು ಧನ್ಯವಾದ ಹೇಳಿ, ನೇರವಾಗಿ ವಿಷಯಕ್ಕೆ ಬನ್ನಿ.

ಉತ್ತರ ಲಿಸ್ಟ್‌ಗೂ ಹೋಗಲಿ, ಅವರಿಗೂ ಹೋಗಲಿ. ಅವರೊಬ್ಬರಿಗೇ ಖಾಸಗಿಯಾಗಿ ಬರೆದರೆ ಅಂತಿಮವಾಗಿ ಕಮಿಟ್ ಮಾಡುವವರಿಗೆ, ಅಂದರೆ ಪ್ಯಾಚ್ ಅನ್ನು ಮೂಲಕ್ಕೆ ಸೇರಿಸುವ ಕಮಿಟರ್‌ಗೆ, ಆ ಚರ್ಚೆ ಕಾಣುವುದೇ ಇಲ್ಲ.

ಟೆಸ್ಟ್‌ಬರೆಯುವವಳು

ಒಂದು ಮತ್ತು ಆರನೆಯ ಅಂಶಗಳನ್ನು ಜೊತೆಯಾಗಿ ನೋಡಿ. ಕತ್ತರಿಸುವುದಕ್ಕೆ ಪಿಜಿ_ಎಂಬಿಕ್ಲಿಪ್‌ಲೆನ್ ಎಂಬ ಫಂಕ್ಷನ್ ಇದೆ. ಮಿತಿಯನ್ನು ಮೀರದಂತೆ, ಅಕ್ಷರದ ನಡುವೆ ತುಂಡಾಗದಂತೆ ಎಷ್ಟು ಬೈಟ್ ಉಳಿಸಬಹುದು ಎಂಬುದನ್ನು ಅದು ಲೆಕ್ಕ ಹಾಕಿ ಕೊಡುತ್ತದೆ. ಲಾಗ್‌ನಲ್ಲಿ ಪ್ಯಾರಾಮೀಟರ್‌ಗಳ ಉದ್ದ ಕತ್ತರಿಸುವ ಕೋಡ್ ಕೂಡ ಅದನ್ನೇ ಬಳಸಿ ಕೊನೆಗೆ ಮೂರು ಚುಕ್ಕಿ ಸೇರಿಸುತ್ತದೆ. ನೀವೂ ಹಾಗೆಯೇ ಮಾಡಿ.

ಟೆಸ್ಟ್‌ಗೆ ನಮ್ಮ ಭಾಷೆಯ ಪದವನ್ನೇ ಇಡಿ. ‘ಬೆಂಗಳೂರು’ ತೆಗೆದುಕೊಳ್ಳೋಣ. ಬ, ಎತ್ವ, ಅನುಸ್ವಾರ, ಗ, ಳ, ಊತ್ವ, ರ, ಉತ್ವ: ಯೂನಿಕೋಡ್ ಲೆಕ್ಕದಲ್ಲಿ ಎಂಟು ಸಂಕೇತಗಳು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್, ಒಟ್ಟು 24. ‘ಸೆಲೆಕ್ಟ್’ನ ಆರು ಇಂಗ್ಲಿಷ್ ಅಕ್ಷರ, ಒಂದು ಖಾಲಿ ಜಾಗ, ಒಂದು ಉದ್ಧರಣ ಚಿಹ್ನೆ ಸೇರಿ ಮೊದಲ 8 ಬೈಟ್. ಅಲ್ಲಿಂದ ಮುಂದೆ ‘ಬೆಂ’ ಎಂಬುದು 9 ಬೈಟ್, ಅಂದರೆ 17ಕ್ಕೆ ಅದು ಮುಗಿಯುತ್ತದೆ. ಮಿತಿಯನ್ನು 18 ಎಂದು ಇಡಿ. ನಿಮ್ಮ ಮೊದಲ ಆವೃತ್ತಿ 18ನೇ ಬೈಟ್ ಅನ್ನೂ ಉಳಿಸಿಕೊಳ್ಳುತ್ತದೆ. ಅದು ‘ಗ’ದ ಮೊದಲ ಬೈಟ್, ಹೆಕ್ಸ್‌ನಲ್ಲಿ ಇ0. ತನ್ನ ಉಳಿದ ಎರಡು ಬೈಟ್ ಇಲ್ಲದ ಇ0 ಲಾಗ್‌ನಲ್ಲಿ ಕುಳಿತರೆ ಆ ಸಾಲು ಸರಿಯಾದ ಯುಟಿಎಫ್-8 ಆಗಿರುವುದಿಲ್ಲ. ಸಿಎಸ್‌ವಿ ಲಾಗ್ ಅನ್ನು ಕಾಪಿ ಆಜ್ಞೆಯಿಂದ ಟೇಬಲ್‌ಗೆ ತುಂಬುವವರಿಗೆ ‘ಅಮಾನ್ಯ ಬೈಟ್ ಸರಣಿ’ ಎಂಬ ದೋಷ ಬಂದು ಇಡೀ ಫೈಲ್ ನಿಂತುಹೋಗುತ್ತದೆ. ಸರಿಯಾದ ಕೋಡ್ 17ಕ್ಕೆ ನಿಲ್ಲಬೇಕು, ‘ಬೆಂ’ ಆದ ಮೇಲೆ ಮೂರು ಚುಕ್ಕಿ ಬರಬೇಕು.

ಇಲ್ಲಿ ಒಂದು ಗುಂಡಿ ಇದೆ, ಜೋಪಾನ. ಮೂಲ ಫೈಲ್‌ನಲ್ಲಿ ಕನ್ನಡ ಅಕ್ಷರ ಬೇಡವೆಂದು ಎಸ್‌ಕ್ಯೂಎಲ್‌ನ ಯೂನಿಕೋಡ್ ಎಸ್ಕೇಪ್‌ನಲ್ಲಿ ಬರೆದರೆ ಕ್ವೆರಿಯ ಪಠ್ಯ ಪೂರ್ತಿ ಆಸ್ಕಿಯಾಗಿಯೇ (ಬರೀ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳಾಗಿಯೇ) ಉಳಿಯುತ್ತದೆ. ಮೌಲ್ಯ ಮಾತ್ರ ಕನ್ನಡವಾಗುತ್ತದೆ. ನೀವು ಕತ್ತರಿಸುವುದು ಪಠ್ಯವನ್ನು. ಟೆಸ್ಟ್ ಪಾಸ್ ಆಗುತ್ತದೆ, ಏನನ್ನೂ ಪರೀಕ್ಷಿಸಿರುವುದಿಲ್ಲ. ಪರ್ಲ್ ಟೆಸ್ಟ್‌ನಲ್ಲಿ ಬೈಟ್‌ಗಳನ್ನು ಹೆಕ್ಸ್ ಎಸ್ಕೇಪ್‌ನಲ್ಲಿ ಬರೆಯಿರಿ. ಆಗ ಫೈಲ್ ಆಸ್ಕಿಯಾಗಿರುತ್ತದೆ, ಸರ್ವರ್‌ಗೆ ಹೋಗುವುದು ಮಾತ್ರ ನಿಜವಾದ ಕನ್ನಡ ಬೈಟ್‌ಗಳು. ಟೆಸ್ಟ್ ಓಡುವ ಯಂತ್ರದ ಲೊಕೇಲ್ ಏನಿರುತ್ತದೋ ತಿಳಿಯದು. ಆದ್ದರಿಂದ ಟೆಂಪ್ಲೇಟ್0 ಬಳಸಿ, ಎನ್‌ಕೋಡಿಂಗ್ ಯುಟಿಎಫ್8, ಲೊಕೇಲ್ ಸಿ ಎಂದು ಕೊಟ್ಟು ಬೇರೆಯದೇ ಡೇಟಾಬೇಸ್ ಸೃಷ್ಟಿಸಿ ಅದರಲ್ಲಿ ಓಡಿಸಿ.

ಟೆಸ್ಟ್ ಬರೆದ ಮೇಲೆ ಅದನ್ನು ಮೊದಲ ಆವೃತ್ತಿಯ ಕೋಡ್ ಮೇಲೂ ಓಡಿಸಿ ನೋಡಿ. ಅಲ್ಲಿ ಫೇಲ್ ಆಗಬೇಕು. ಆಗದಿದ್ದರೆ ಟೆಸ್ಟ್ ಸರಿಯಿಲ್ಲ.

ಅಕ್ಷರಪ್ರೀತಿ

ಮೂರನೆಯ ಅಂಶದಲ್ಲಿ ನಾನು ರಿವ್ಯೂ ಮಾಡಿದವರ ಪರ. ಬೈಟ್ ಲೆಕ್ಕ ನಮಗೆ ಅನ್ಯಾಯ. 30 ಬೈಟ್ ಎಂದರೆ ಇಂಗ್ಲಿಷ್‌ನವರಿಗೆ 30 ಅಕ್ಷರ, ನಮಗೆ 10 ಸಂಕೇತ. ಆ 10 ಸಂಕೇತದಲ್ಲೂ ಒತ್ತಕ್ಷರ, ಗುಣಿತ ಎಲ್ಲ ಸೇರಿ ನಿಜವಾದ ಅಕ್ಷರ ನಾಲ್ಕೈದು ಬಂದರೆ ಹೆಚ್ಚು. ‘ಕ್ಷಿ’ ಒಂದೇ ಅಕ್ಷರ, ಆದರೆ ನಾಲ್ಕು ಸಂಕೇತ, 12 ಬೈಟ್. ಪಿಜಿ_ಎಂಬಿಕ್ಲಿಪ್‌ಲೆನ್ ಬಳಸಿದರೂ ‘ಕ್’ ಎಂಬಲ್ಲಿಗೆ ಕತ್ತರಿಸಿ ‘ಷಿ’ಯನ್ನು ಬಿಟ್ಟುಬಿಡಬಹುದು. ಕನ್ನಡಿಗರೊಬ್ಬರು ಪ್ಯಾಚ್ ಬರೆಯುತ್ತಿರುವಾಗ ಅಕ್ಷರದ ಗಡಿಯಲ್ಲೇ ಕತ್ತರಿಸುವ ಹಾಗೆ ಮಾಡುವ ಅವಕಾಶವನ್ನು ಕಳೆದುಕೊಳ್ಳಬಾರದು.

ಬರ್ಲಿನ್‌ಕನ್ನಡಿಗ

ಅಕ್ಷರಪ್ರೀತಿ ಅವರೇ, ನಿಮ್ಮ ಕಳಕಳಿ ನನ್ನದೂ ಹೌದು. ಆದರೂ ಈ ಪ್ಯಾಚ್‌ನಲ್ಲಿ ಅದು ಬೇಡವೆನ್ನುತ್ತೇನೆ.

ಪೋಸ್ಟ್‌ಗ್ರೆಸ್‌ನಲ್ಲಿ ಟೇಬಲ್, ಕಾಲಂ ಹೆಸರಿಗೆ 63 ಬೈಟ್ ಮಿತಿ. ಕನ್ನಡದಲ್ಲಿ ಹೆಸರಿಟ್ಟರೆ 21 ಸಂಕೇತಕ್ಕೆ ಮುಗಿಯುತ್ತದೆ. ಅದಕ್ಕಿಂತ ಉದ್ದವಿದ್ದರೆ ಸಂಕೇತದ ಗಡಿಯಲ್ಲಿ ಕತ್ತರಿಸಿ ಸೂಚನೆ ಕೊಡುತ್ತದೆ. ಸರ್ವರ್‌ನಲ್ಲಿ ಈಗ ನಡೆಯುತ್ತಿರುವುದನ್ನು ತೋರಿಸುವ ಪಿಜಿ_ಸ್ಟ್ಯಾಟ್_ಆ್ಯಕ್ಟಿವಿಟಿಯಲ್ಲಿ ಕಾಣುವ ಕ್ವೆರಿ ಪಠ್ಯಕ್ಕೂ ಹಾಗೆಯೇ. ಅಲ್ಲಿನ ಮಿತಿಯೂ ಬೈಟ್‌ಗಳಲ್ಲಿದೆ. ಅಂದರೆ ಸರ್ವರ್‌ನೊಳಗೆ ‘ತುಂಡರಿಸುವುದು’ ಎಂಬ ಕೆಲಸಕ್ಕೆ ಒಂದು ಒಪ್ಪಂದ ಇದೆ: ಮಿತಿ ಬೈಟ್‌ನಲ್ಲಿ, ಗಡಿ ಸಂಕೇತದಲ್ಲಿ. ಅದನ್ನು ಬದಲಿಸಬೇಕೆಂದರೆ ಎಲ್ಲ ಕಡೆ ಬದಲಿಸುವ ಬೇರೆ ಪ್ರಸ್ತಾಪ ಬೇಕು. ಅದಕ್ಕೆ ಬೇರೆ ಚರ್ಚೆ ಬೇಕು. ಲಾಗ್‌ನ ಒಂದು ಸೆಟ್ಟಿಂಗ್ ಮಾತ್ರ ಅಕ್ಷರ ಎಣಿಸಿದರೆ ನಾಳೆ ದಾಖಲೆ ಓದುವವರಿಗೆ ಗೊಂದಲ, ಈ ಪ್ಯಾಚ್‌ಗೆ ಇನ್ನೊಂದು ವರ್ಷ ವನವಾಸ.

ಮತ್ತೆ ಈ ಸೆಟ್ಟಿಂಗ್‌ನ ಉದ್ದೇಶವೇನು? ಲಾಗ್ ಫೈಲ್ ಡಿಸ್ಕ್ ತುಂಬದಂತೆ ನೋಡುವುದು. ಡಿಸ್ಕ್ ತುಂಬುವುದು ಬೈಟ್‌ಗಳಿಂದ. ಮೊದಲಪ್ಯಾಚ್ ಅವರೇ, ಮೂರನೆಯ ಅಂಶಕ್ಕೆ ನಿಮ್ಮ ಉತ್ತರ ಇದೇ ಆಗಲಿ. ‘ಬೈಟ್ ನನಗೆ ಸರಿ ಅನಿಸುತ್ತದೆ’ ಎನ್ನಬೇಡಿ. ‘ಇದೇ ಮಾಡ್ಯೂಲ್‌ನ ಲಾಗ್_ಪ್ಯಾರಾಮೀಟರ್_ಮ್ಯಾಕ್ಸ್_ಲೆಂಗ್ತ್ ಬೈಟ್‌ನಲ್ಲಿದೆ, ಅದೇ ಹೆಸರಿನ ಸರ್ವರ್ ಸೆಟ್ಟಿಂಗ್ ಕೂಡ ಬೈಟ್‌ನಲ್ಲಿದೆ, ನಮ್ಮ ಗುರಿ ಲಾಗ್‌ನ ಗಾತ್ರ’ ಎನ್ನಿ. ಭಿನ್ನಾಭಿಪ್ರಾಯ ಹೇಳುವಾಗ ಅವರು ಹೋಗಿ ಪರಿಶೀಲಿಸಬಹುದಾದ ಆಧಾರ ಕೊಡಬೇಕು.

ಅಕ್ಷರಪ್ರೀತಿ

ಬೇರೆ ಪ್ರಸ್ತಾಪ ಬೇಕೆಂಬುದನ್ನು ಒಪ್ಪುತ್ತೇನೆ. ಅನ್ಯಾಯ ಎಂಬ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ. 21 ಸಂಕೇತದೊಳಗೆ ಕನ್ನಡದಲ್ಲಿ ಒಂದು ಅರ್ಥವತ್ತಾದ ಇಂಡೆಕ್ಸ್ ಹೆಸರು ಇಡಲು ಕಷ್ಟಪಟ್ಟವರಿಗೆ ನನ್ನ ಮಾತು ಅರ್ಥವಾಗುತ್ತದೆ.

ಮೊದಲಪ್ಯಾಚ್

ಮೂರು ಸ್ಪಷ್ಟವಾಯಿತು. ಅಕ್ಷರಪ್ರೀತಿ ಅವರ ಮಾತಿನಿಂದ ನನಗೂ ಮನಸ್ಸಿಗೆ ಸ್ವಲ್ಪ ಕಷ್ಟವಾಯಿತು, ಆದರೂ ಬೈಟ್ ಎಂದೇ ಇಡುತ್ತೇನೆ.

ಎರಡರ ಬಗ್ಗೆ ಇನ್ನೂ ತಕರಾರಿದೆ. ಸ್ಟೇಟ್‌ಮೆಂಟ್_ಟೈಮ್‌ಔಟ್ ನೋಡಿ. ಅಲ್ಲಿ ಸೊನ್ನೆ ಎಂದರೆ ಮಿತಿ ಇಲ್ಲ. ಲಾಕ್_ಟೈಮ್‌ಔಟ್‌ನಲ್ಲೂ ಹಾಗೆಯೇ. ಬಳಸುವವರಿಗೆ ರೂಢಿಯಾಗಿರುವುದು ಅದು. -1 ಎಂದರೆ ಮಿತಿ ಇಲ್ಲ, 0 ಎಂದರೆ ಏನನ್ನೂ ಬರೆಯಬೇಡ ಎನ್ನುವುದು ನನಗೆ ಸಹಜ ಅನಿಸುವುದಿಲ್ಲ.

ಬಿಟ್ರೀ

ನಿಮ್ಮ ಉದಾಹರಣೆ ಸುಳ್ಳಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಎರಡೂ ಪದ್ಧತಿ ಇವೆ. ಲಾಗ್_ಮಿನ್_ಡ್ಯುರೇಷನ್_ಸ್ಟೇಟ್‌ಮೆಂಟ್‌ನಲ್ಲಿ -1 ಎಂದರೆ ಲಾಗ್ ಮಾಡಬೇಡ, 0 ಎಂದರೆ ಎಲ್ಲವನ್ನೂ ಲಾಗ್ ಮಾಡು. ಹಾಗಾಗಿ ‘ಪೋಸ್ಟ್‌ಗ್ರೆಸ್‌ನಲ್ಲಿ ರೂಢಿ ಹೀಗಿದೆ’ ಎಂದು ನೀವೂ ಹೇಳಲಾಗದು, ಅವರೂ ಹೇಳಲಾಗದು.

ಇಂಥ ಕಡೆ ನಾನು ನೋಡುವುದು ಅತಿ ಹತ್ತಿರದ ನೆಂಟರನ್ನು. ಬಳಕೆದಾರರು ಕಾನ್ಫಿಗರೇಷನ್ ಫೈಲ್‌ನಲ್ಲಿ ಒಂದರ ಕೆಳಗೊಂದು ಬರೆಯುವ ಎರಡು ಸಾಲುಗಳು ಯಾವುವು? ಪ್ಯಾರಾಮೀಟರ್‌ನ ಗರಿಷ್ಠ ಉದ್ದ, ಕ್ವೆರಿಯ ಗರಿಷ್ಠ ಉದ್ದ. ಮೊದಲನೆಯದು 16ನೇ ಆವೃತ್ತಿಯಿಂದ ಇದೇ ಮಾಡ್ಯೂಲ್‌ನಲ್ಲಿದೆ, ಅದರಲ್ಲಿ -1 ಎಂದರೆ ಪೂರ್ತಿ, 0 ಎಂದರೆ ಬೇಡ. ಪಕ್ಕದ ಸಾಲಿನಲ್ಲಿ ಸೊನ್ನೆಗೆ ತದ್ವಿರುದ್ಧ ಅರ್ಥವಿದ್ದರೆ ಒಬ್ಬರಾದರೂ ಎಡವುತ್ತಾರೆ. ಎಡವಿದವರ ಗತಿ ಏನು ಯೋಚಿಸಿ: ಗ್ರಾಹಕರ ಮಾಹಿತಿ ಇರುವ ಕ್ವೆರಿ ಪಠ್ಯ ಲಾಗ್‌ಗೆ ಹೋಗಬಾರದೆಂದು ಸೊನ್ನೆ ಇಡುತ್ತಾರೆ, ಪೂರ್ತಿ ಪಠ್ಯ ಲಾಗ್‌ಗೆ ಹೋಗುತ್ತದೆ. ಇಲ್ಲಿ ರಿವ್ಯೂ ಮಾಡಿದವರ ಮಾತು ಸರಿ.

ಮೊದಲಪ್ಯಾಚ್

ಮಾಹಿತಿ ಸೋರುವ ಕೋನದಿಂದ ನಾನು ನೋಡಿರಲಿಲ್ಲ. ಒಪ್ಪಿದೆ. ಈ ಕಾರಣವನ್ನು ದಾಖಲೆಯಲ್ಲೂ ಕಾಣುವಂತೆ ಬರೆಯುತ್ತೇನೆ.

ನಾಲ್ಕಕ್ಕೆ ಬರುತ್ತೇನೆ. ಎಕ್ಸ್‌ಪ್ಲೇನ್‌ಕ್ವೆರಿಟೆಕ್ಸ್ಟ್ ಹೊರಗೆ ಕಾಣುವ ಫಂಕ್ಷನ್. ಅದಕ್ಕೆ ಹೊಸ ಆರ್ಗ್ಯುಮೆಂಟ್ ಸೇರಿಸಿದರೆ ಹೊರಗಿನ ಎಕ್ಸ್‌ಟೆನ್ಷನ್‌ಗಳು ಮುರಿಯುವುದಿಲ್ಲವೇ?

ಹಳೆಯ ಡಿಬಿಎ

ಮುರಿಯಬಹುದು, ಆದರೆ ಅದು ಇಲ್ಲಿ ತಡೆಯಾಗುವುದಿಲ್ಲ. ಹೊಸ ಸೌಲಭ್ಯಗಳು ಮುಂದಿನ ಪ್ರಮುಖ ಆವೃತ್ತಿಗೆ ಮಾತ್ರ ಸೇರುತ್ತವೆ. ಬಿಡುಗಡೆಯಾದ ಹಳೆಯ ಶಾಖೆಗಳಿಗೆ ಹೋಗುವುದು ದೋಷ ಪರಿಹಾರಗಳು ಮಾತ್ರ. ಆ ಶಾಖೆಗಳಲ್ಲಿ ಫಂಕ್ಷನ್ನಿನ ರೂಪ ಬದಲಿಸಿದರೆ ಈಗಾಗಲೇ ಕಂಪೈಲ್ ಆದ ಎಕ್ಸ್‌ಟೆನ್ಷನ್‌ಗಳು ಕೆಡುತ್ತವೆ. ಅಲ್ಲಿ ನಿಮ್ಮ ವಾದ ನೂರಕ್ಕೆ ನೂರು ಸರಿ. ಪ್ರಮುಖ ಆವೃತ್ತಿ ಬದಲಾದಾಗ ಎಕ್ಸ್‌ಟೆನ್ಷನ್ ಬರೆಯುವವರು ಹೇಗಿದ್ದರೂ ಮರುಕಂಪೈಲ್ ಮಾಡಬೇಕು, ಒಳಗಿನ ಫಂಕ್ಷನ್‌ಗಳು ಆಗಾಗ ಬದಲಾಗುತ್ತಲೇ ಇರುತ್ತವೆ.

ಇದರ ಜೋಡಿಯಾದ ಎಕ್ಸ್‌ಪ್ಲೇನ್‌ಕ್ವೆರಿಪ್ಯಾರಾಮೀಟರ್ಸ್ ಆಗಲೇ ಗರಿಷ್ಠ ಉದ್ದವನ್ನು ಕೊನೆಯ ಆರ್ಗ್ಯುಮೆಂಟ್ ಆಗಿ ತೆಗೆದುಕೊಳ್ಳುತ್ತದೆ. ರಿವ್ಯೂ ಮಾಡಿದವರು ಅದನ್ನು ನೋಡಿಯೇ ಹೇಳಿರಬೇಕು. ಗಿಟ್ ಗ್ರೆಪ್ (ಕೋಡ್‌ನಲ್ಲಿ ಪದ ಹುಡುಕುವ ಆಜ್ಞೆ) ಮಾಡಿ, ಮೂಲದೊಳಗೆ ನಿಮ್ಮ ಫಂಕ್ಷನ್ ಅನ್ನು ಯಾರು ಯಾರು ಕರೆಯುತ್ತಾರೆ ನೋಡಿ, ಅದನ್ನು ಉತ್ತರದಲ್ಲಿ ಬರೆಯಿರಿ.

ಮೊದಲಪ್ಯಾಚ್

ಗ್ರೆಪ್ ಮಾಡಿದೆ. ಮೂಲದೊಳಗೆ ಕರೆಯುವುದು ಆಟೋ_ಎಕ್ಸ್‌ಪ್ಲೇನ್ ಒಂದೇ. ಬಿಟ್ರೀ ಅವರು ಹೇಳಿದಂತೆ ಬದಲಿಸಿ ನೋಡಿದೆ. ಕತ್ತರಿಸುವ ಕೋಡ್ ಆ ‘ಇಫ್’ ಒಳಗೇ ಕುಳಿತುಕೊಂಡಿತು, ನಲ್ ಪ್ರಶ್ನೆಗೆ ಈಗ ಜಾಗವೇ ಇಲ್ಲ. ಮಾಡ್ಯೂಲ್‌ನಲ್ಲಿ ನಾನು ಸೇರಿಸಿದ್ದ ಸಾಲುಗಳಲ್ಲಿ ಬಹುಪಾಲು ಹೋದವು. ಸೆಟ್ಟಿಂಗ್‌ನ ಘೋಷಣೆ ಮತ್ತು ಒಂದು ಆರ್ಗ್ಯುಮೆಂಟ್ ಮಾತ್ರ ಉಳಿದಿದೆ.

ಮೈಸೂರುಕರ್ನಲ್

ಎಲ್ಲರೂ ಒಂದೇ ದಿಕ್ಕಿಗೆ ಹೇಳುತ್ತಿರುವುದರಿಂದ ನಾನೊಂದು ಬೇರೆ ಪ್ರಶ್ನೆ ಇಡುತ್ತೇನೆ. ರಿವ್ಯೂ ಮಾಡಿದವರು ಕಮಿಟರ್ ಅಲ್ಲದಿದ್ದರೆ? ಅವರು ಹೇಳಿದ್ದನ್ನೆಲ್ಲ ಮಾಡಿದ ಮೇಲೆ ಕಮಿಟರ್ ಬಂದು ‘ಮೊದಲಿನಂತೆಯೇ ಇರಲಿ’ ಎಂದರೆ? ನಾನು ಬೇರೊಂದು ಯೋಜನೆಯಲ್ಲಿ ಕೆಲಸ ಮಾಡುವವನು. ಅಲ್ಲಿ ಇಬ್ಬರ ನಡುವೆ ಸಿಕ್ಕಿ ಹಿಂದೆ ಮುಂದೆ ಓಡಾಡಿದ ಪ್ಯಾಚ್‌ಗಳನ್ನು ಕಂಡಿದ್ದೇನೆ. ಯಾರ ಮಾತಿಗೆ ಎಷ್ಟು ತೂಕ ಎಂದು ನೋಡಿ ನಡೆಯುವುದು ವ್ಯಾವಹಾರಿಕ ಅಲ್ಲವೇ?

ಧಾರವಾಡದಿಂದ

ಪೋಸ್ಟ್‌ಗ್ರೆಸ್‌ನಲ್ಲಿ ಯಾರು ಬೇಕಾದರೂ ರಿವ್ಯೂ ಮಾಡಬಹುದು. ಮಾಡಬೇಕು ಕೂಡ: ಪ್ಯಾಚ್ ಕಳಿಸುವ ಪ್ರತಿಯೊಬ್ಬರೂ ತಮ್ಮದರಷ್ಟೇ ಗಾತ್ರದ ಇನ್ನೊಬ್ಬರ ಪ್ಯಾಚ್ ಒಂದನ್ನು ರಿವ್ಯೂ ಮಾಡಬೇಕೆಂಬುದು ಅಲ್ಲಿನ ನಿರೀಕ್ಷೆ. ಹಾಗಾಗಿ ನಿಮಗೆ ಬರೆದವರು ನಿಮ್ಮಷ್ಟೇ ಹೊಸಬರಿರಬಹುದು. ಅದರಿಂದ ‘ಅಕ್ಷರ ತುಂಡಾಗುತ್ತದೆ’ ಎಂಬ ಮಾತಿನ ತೂಕ ಕಡಿಮೆಯಾಗುವುದೇ? ಅಕ್ಷರ ತುಂಡಾಗುವುದು ನಿಜವಾದರೆ ಹೇಳಿದವರು ಯಾರಾದರೇನು.

ಅಭಿರುಚಿಗೆ ಸೇರಿದ ವಿಷಯಗಳಲ್ಲಿ ಮಾತ್ರ ನಿಮ್ಮ ಪ್ರಶ್ನೆಗೆ ಅರ್ಥವಿದೆ. ಆಗ ಎರಡೂ ದಾರಿಯನ್ನು ಎರಡು ಸಾಲಿನಲ್ಲಿ ಬರೆದು, ನಾನು ಇದನ್ನು ಆರಿಸಿದ್ದು ಇದಕ್ಕಾಗಿ, ಕಮಿಟರ್‌ಗೆ ಇನ್ನೊಂದು ಇಷ್ಟವಾದರೆ ಅಭ್ಯಂತರವಿಲ್ಲ ಎಂದು ಲಿಸ್ಟ್‌ನಲ್ಲೇ ಇಡಿ. ಕಮಿಟರ್ ಓದುವಾಗ ಚರ್ಚೆ ಆಗಲೇ ಮುಗಿದಿರುತ್ತದೆ, ನೀವು ಹಿಂದೆ ಮುಂದೆ ಓಡಾಡಬೇಕಾಗುವುದಿಲ್ಲ.

ಮೊದಲಪ್ಯಾಚ್

ಉತ್ತರದ ಕರಡು ಸಿದ್ಧ. ಕನ್ನಡದಲ್ಲಿ ಸಾರ ಹಾಕುತ್ತಿದ್ದೇನೆ, ಕಳಿಸುವುದು ಇಂಗ್ಲಿಷ್‌ನಲ್ಲಿ.

> ಅಕ್ಷರ ತುಂಡಾಗುವ ಬಗ್ಗೆ

ಪಿಜಿ_ಎಂಬಿಕ್ಲಿಪ್‌ಲೆನ್ ಬಳಸಿದ್ದೇನೆ. ಕತ್ತರಿಸಿದ ಪಠ್ಯದ ಕೊನೆಗೆ ಮೂರು ಚುಕ್ಕಿ ಬರುತ್ತದೆ. ಟೆಸ್ಟ್‌ನಲ್ಲಿ ಮೂರು ಬೈಟ್‌ಗಳ ಅಕ್ಷರಗಳ ನಡುವೆ ಮಿತಿ ಬೀಳುವಂತೆ ಇಟ್ಟಿದ್ದೇನೆ, ಅದು ಮೊದಲ ಆವೃತ್ತಿಯಲ್ಲಿ ಫೇಲ್ ಆಗುತ್ತದೆ.

> ಸೊನ್ನೆಯ ಅರ್ಥ

-1 ಪೂರ್ತಿ, 0 ಬೇಡ ಎಂದು ಬದಲಿಸಿದ್ದೇನೆ. ಪೂರ್ವನಿಯೋಜಿತ ಮೌಲ್ಯ -1, ಆದ್ದರಿಂದ ಈಗಿನ ಬಳಕೆದಾರರಿಗೆ ಏನೂ ಬದಲಾಗುವುದಿಲ್ಲ.

> ಬೈಟ್ ಬದಲು ಅಕ್ಷರ

ಬೈಟ್ ಆಗಿಯೇ ಉಳಿಸಿದ್ದೇನೆ. ಪ್ಯಾರಾಮೀಟರ್‌ನ ಸೆಟ್ಟಿಂಗ್‌ಗೆ ಹೊಂದುತ್ತದೆ. ಲಾಗ್‌ನ ಗಾತ್ರ ಬಹಳ ದೊಡ್ಡದಾಗುತ್ತಿರುವುದೇ ಮೂಲ ಸಮಸ್ಯೆ.

> ಎಕ್ಸ್‌ಪ್ಲೇನ್‌ಕ್ವೆರಿಟೆಕ್ಸ್ಟ್‌ಗೆ ಆರ್ಗ್ಯುಮೆಂಟ್

ಹಾಗೆಯೇ ಮಾಡಿದ್ದೇನೆ. ಮೂಲದೊಳಗೆ ಬೇರೆ ಯಾರೂ ಕರೆಯುವುದಿಲ್ಲ. ಇದರಿಂದ ನಲ್ ಪ್ರಶ್ನೆಯೂ ಬಗೆಹರಿಯಿತು, ಈಗಿರುವ ಪರೀಕ್ಷೆಯ ಒಳಗೇ ಕತ್ತರಿಸುತ್ತದೆ.

> ಹೆಸರು ಬದಲಾವಣೆಗಳು

ತೆಗೆದಿದ್ದೇನೆ.

> ಕಮಿಟ್ ಸಂದೇಶ

ಓಆರ್‌ಎಂ ಕ್ವೆರಿಗಳ ಉದಾಹರಣೆ ಸೇರಿಸಿ ಮತ್ತೆ ಬರೆದಿದ್ದೇನೆ.

ಬರ್ಲಿನ್‌ಕನ್ನಡಿಗ

ಚೆನ್ನಾಗಿದೆ. ಒಂದೇ ಕಡೆ ಸಡಿಲ: ‘ಬಹಳ ದೊಡ್ಡದಾಗುತ್ತಿರುವುದು’. ಬಹಳ ಎಂದರೆ ಎಷ್ಟು? ಆರು ಅಂಕಿಯ 10,000 ಐಡಿಗಳ ಒಂದು ‘ಇನ್’ ಪಟ್ಟಿ ತೆಗೆದುಕೊಳ್ಳಿ. ಅಲ್ಪವಿರಾಮ, ಖಾಲಿ ಜಾಗ ಸೇರಿ ಒಂದೊಂದು ಐಡಿಗೆ 8 ಬೈಟ್, ಒಟ್ಟು ಸುಮಾರು 80,000 ಬೈಟ್. ಆ ಕ್ವೆರಿ ಲಾಗ್ ಆದ ಪ್ರತಿ ಸಲವೂ ಇಷ್ಟು. ಜನರೇಟ್_ಸೀರೀಸ್‌ನಿಂದ ಅಂಥ ಕ್ವೆರಿ ಕಟ್ಟಿ, ಸೆಟ್ಟಿಂಗ್ ಇಲ್ಲದೆ ಮತ್ತು 1,024 ಬೈಟ್ ಮಿತಿ ಇಟ್ಟು ಲಾಗ್‌ನ ಗಾತ್ರ ಅಳೆದು ಎರಡೂ ಸಂಖ್ಯೆಯನ್ನು ಹಾಕಿ. ಅಳೆದ ವಿಧಾನವನ್ನೂ ಬರೆಯಿರಿ, ಅವರೂ ಓಡಿಸಿ ನೋಡಲಿ.

ಟೆಸ್ಟ್‌ಬರೆಯುವವಳು

ಸೊನ್ನೆ ಮತ್ತು -1ಕ್ಕೂ ಟೆಸ್ಟ್ ಇರಲಿ. ಮಿತಿ ಕ್ವೆರಿಯ ಉದ್ದಕ್ಕೆ ಸರಿಸಮವಾಗಿದ್ದಾಗ ಚುಕ್ಕಿಗಳು ಬರಬಾರದು, ಅದಕ್ಕೂ ಒಂದು ಇರಲಿ.

ಹಳೆಯ ಡಿಬಿಎ

ಕಳಿಸುವ ಮುಂಚೆ ಕೆಲವು ನಡೆವಳಿಕೆಯ ವಿಷಯ. ಇಂದಿನ ಮಾಸ್ಟರ್ (ಮುಖ್ಯ ಶಾಖೆ) ಮೇಲೆ ರೀಬೇಸ್ ಮಾಡಿ, ಕೋಡ್‌ನ ಜೋಡಣೆ ಸರಿಪಡಿಸುವ ಪಿಜಿಇಂಡೆಂಟ್ ಓಡಿಸಿ, ಗಿಟ್ ಫಾರ್ಮ್ಯಾಟ್-ಪ್ಯಾಚ್‌ಗೆ ಆವೃತ್ತಿ 2 ಎಂದು ಕೊಟ್ಟು ಫೈಲ್ ಮಾಡಿ. ಪೂರ್ತಿ ಪ್ಯಾಚ್ ಅನ್ನೇ ಲಗತ್ತಿಸಿ. ಮೊದಲ ಆವೃತ್ತಿಗೂ ಎರಡನೆಯದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಲಗತ್ತಿಸಿದರೆ ಸಿಎಫ್‌ಬಾಟ್ (ಬಂದ ಪ್ಯಾಚ್‌ಗಳನ್ನು ತಾನಾಗಿ ಹಚ್ಚಿ ಟೆಸ್ಟ್ ಓಡಿಸುವ ವ್ಯವಸ್ಥೆ) ಅದನ್ನೇ ಪ್ಯಾಚ್ ಎಂದು ತಿಳಿದು ಮಾಸ್ಟರ್ ಮೇಲೆ ಹಚ್ಚಲು ನೋಡುತ್ತದೆ, ಹತ್ತುವುದಿಲ್ಲ. ರಿವ್ಯೂ ಮಾಡುವವರ ಅನುಕೂಲಕ್ಕೆ ವ್ಯತ್ಯಾಸವನ್ನೂ ಕೊಡಬೇಕೆನಿಸಿದರೆ ಅದನ್ನು ಟಿಎಕ್ಸ್‌ಟಿ ಫೈಲ್ ಆಗಿ ಹಾಕಿ.

ಅದಕ್ಕಿಂತ ಮುಖ್ಯವಾದದ್ದು: ರಿವ್ಯೂ ಬಂದ ಮೇಲೆ ಕಮಿಟ್‌ಫೆಸ್ಟ್ ಪುಟದಲ್ಲಿ ನಿಮ್ಮ ಪ್ಯಾಚ್‌ನ ಸ್ಥಿತಿ ‘ಲೇಖಕರಿಗಾಗಿ ಕಾಯುತ್ತಿದೆ’ ಎಂದಾಗಿರುತ್ತದೆ. ಹೊಸ ಆವೃತ್ತಿ ಕಳಿಸಿದ ಮೇಲೆ ಅದನ್ನು ‘ರಿವ್ಯೂ ಬೇಕು’ ಎಂದು ನೀವೇ ಬದಲಿಸಬೇಕು, ತಾನಾಗಿ ಬದಲಾಗುವುದಿಲ್ಲ. ಇದನ್ನು ಮರೆತವರ ಒಳ್ಳೆಯ ಪ್ಯಾಚ್‌ಗಳು ಲೇಖಕರೇ ಸುಮ್ಮನಾಗಿದ್ದಾರೆಂದು ‘ಅಭಿಪ್ರಾಯದೊಂದಿಗೆ ಹಿಂತಿರುಗಿಸಲಾಗಿದೆ’ ಎಂಬ ಪಟ್ಟಿಗೆ ಸೇರಿದ್ದನ್ನು ನೋಡಿ ನನಗೆ ನಿಜಕ್ಕೂ ಬೇಸರವಾಗಿದೆ. ಕಮಿಟ್‌ಫೆಸ್ಟ್ ವರ್ಷಕ್ಕೆ ಐದು: ಜುಲೈ, ಸೆಪ್ಟೆಂಬರ್, ನವೆಂಬರ್, ಜನವರಿ, ಮಾರ್ಚ್. ಮಾರ್ಚ್‌ನದು ಮುಗಿದು ಏಪ್ರಿಲ್‌ನಲ್ಲಿ ಬಾಗಿಲು ಹಾಕಿದರೆ ಹೊಸ ಸೌಲಭ್ಯ ಮುಂದಿನ ಆವೃತ್ತಿಗೆ ಹೋಗುತ್ತದೆ.

ಉತ್ತರ ಬರುವುದು ತಡವಾದರೆ ಗಾಬರಿಯಾಗಬೇಡಿ. ಒಂದೆರಡು ವಾರ ಬಿಟ್ಟು ಅದೇ ಎಳೆಯಲ್ಲಿ ಸೌಮ್ಯವಾಗಿ ನೆನಪಿಸಬಹುದು. ಆ ಹೊತ್ತಿನಲ್ಲಿ ಇನ್ನೊಬ್ಬರ ಪ್ಯಾಚ್ ಒಂದನ್ನು ಓದಿ ರಿವ್ಯೂ ಬರೆಯಿರಿ.

ಮೊದಲಪ್ಯಾಚ್

ಎರಡನೆಯ ಆವೃತ್ತಿ ಹೋಯಿತು. ಲಾಗ್‌ನ ಗಾತ್ರ ಅಳೆದ ಸ್ಕ್ರಿಪ್ಟ್ ಮತ್ತು ಎರಡೂ ಸಂಖ್ಯೆ ಮೇಲ್‌ನಲ್ಲಿವೆ. ಮೂರೂ ಹೆಚ್ಚುವರಿ ಟೆಸ್ಟ್ ಸೇರಿವೆ. ಸ್ಥಿತಿಯನ್ನೂ ಬದಲಿಸಿದೆ. ಸಿಎಫ್‌ಬಾಟ್‌ನಲ್ಲಿ ಲಿನಕ್ಸ್, ಫ್ರೀಬಿಎಸ್‌ಡಿ, ಮ್ಯಾಕ್ ಹಸಿರಾಗಿವೆ. ವಿಂಡೋಸ್‌ನಲ್ಲಿ ಮಾತ್ರ ಕನ್ನಡ ಬೈಟ್‌ಗಳ ಟೆಸ್ಟ್ ಕೆಂಪಾಗಿದೆ, ಕಾರಣ ಇನ್ನೂ ಹುಡುಕುತ್ತಿದ್ದೇನೆ. ರಿವ್ಯೂ ಮಾಡುವವರು ಕೇಳುವವರೆಗೆ ಕಾಯಲೇ, ಈಗಲೇ ಹೇಳಲೇ?

ಟೆಸ್ಟ್‌ಬರೆಯುವವಳು

ಈಗಲೇ ಹೇಳಿ. ‘ವಿಂಡೋಸ್‌ನಲ್ಲಿ ಈ ಟೆಸ್ಟ್ ಫೇಲ್ ಆಗುತ್ತಿದೆ, ನೋಡುತ್ತಿದ್ದೇನೆ, ಉಳಿದದ್ದನ್ನು ಓದಲು ಅಡ್ಡಿಯಿಲ್ಲ’ ಎಂದು ಎರಡು ಸಾಲು ಸಾಕು. ಇಲ್ಲದಿದ್ದರೆ ಇನ್ನೊಬ್ಬರು ಅದನ್ನೇ ಹುಡುಕುತ್ತಾ ಅರ್ಧ ದಿನ ಕಳೆಯುತ್ತಾರೆ.

ಮೊದಲು ಅನುಮಾನಿಸಬೇಕಾದದ್ದು ಕ್ವೆರಿಯನ್ನು ಪಿಎಸ್‌ಕ್ಯೂಎಲ್‌ಗೆ (ಪೋಸ್ಟ್‌ಗ್ರೆಸ್‌ನ ಕಮಾಂಡ್ ಲೈನ್ ಕ್ಲೈಂಟ್‌ಗೆ) ಹೇಗೆ ಕೊಡುತ್ತಿದ್ದೀರಿ ಎಂಬುದನ್ನು. ಕಮಾಂಡ್ ಲೈನ್ ಆರ್ಗ್ಯುಮೆಂಟ್ ಆಗಿ ಕೊಟ್ಟಿದ್ದರೆ ವಿಂಡೋಸ್‌ನ ಕೋಡ್‌ಪೇಜ್ ಆ ಬೈಟ್‌ಗಳನ್ನು ದಾರಿಯಲ್ಲೇ ಬದಲಿಸಿರಬಹುದು. ಸ್ಟ್ಯಾಂಡರ್ಡ್ ಇನ್‌ಪುಟ್ ಮೂಲಕ ಕೊಟ್ಟು ನೋಡಿ. ಕ್ಲೈಂಟ್ ಎನ್‌ಕೋಡಿಂಗ್ ಅನ್ನೂ ಯುಟಿಎಫ್8 ಎಂದು ಟೆಸ್ಟ್‌ನಲ್ಲೇ ಸ್ಪಷ್ಟವಾಗಿ ಹೇಳಿ. ಸಿಎಫ್‌ಬಾಟ್‌ನ ವಿಂಡೋಸ್ ಓಟದಲ್ಲಿ ಸರ್ವರ್ ಲಾಗ್ ಇಳಿಸಿಕೊಳ್ಳಲು ಸಿಗುತ್ತದೆ. ಅದರಲ್ಲಿ ‘ಸೆಲೆಕ್ಟ್’, ಖಾಲಿ ಜಾಗ, ಉದ್ಧರಣ ಚಿಹ್ನೆ ಆದ ಮೇಲಿನ ಬೈಟ್‌ಗಳನ್ನು ಹೆಕ್ಸ್‌ನಲ್ಲಿ ತೆರೆದು ನೋಡಿ. ಇ0, ಬಿ2, ಎಸಿ ಎಂದು ಶುರುವಾಗಿದ್ದರೆ ಸರ್ವರ್‌ವರೆಗೆ ‘ಬ’ ಸರಿಯಾಗಿ ತಲುಪಿದೆ, ತೊಂದರೆ ಲಾಗ್ ಓದುವ ಕಡೆ ಇದೆ. ಬೇರೆ ಏನಾದರೂ ಕಂಡರೆ ಕಳಿಸುವ ಕಡೆ ಇದೆ. ಕಂಡದ್ದನ್ನು ಇಲ್ಲಿ ಹಾಕಿ, ನಾನೂ ನೋಡುತ್ತೇನೆ.